ಯಂತ್ರಕ್ಕೆ ಇಟ್ಟ ಕೂಲರ್

ಶಹಾಪುರದ ಹತ್ತಿಕಾಳಿನ ಎಣ್ಣೆ ಮಿಲ್ಲಿನ ಮಾಲೀಕ ವಿಶ್ವಾರಾಧ್ಯರು ಉಪಚಾರದಲ್ಲಿ ಎತ್ತಿದ ಕೈ. ಬಂದವರು ಮನುಷ್ಯರೇ ಆಗಿರಬೇಕೆಂದೇನೂ ಇಲ್ಲ. ಎನ್‌ಎಂಆರ್ ಯಂತ್ರ ಬಂದಾಗಲೂ ಆರತಿ ಎತ್ತಿಸಿ, ವಿಭೂತಿ ಹಚ್ಚಿದ್ದರು. ಬಿಸಿಲು ಏರುತ್ತಲೇ ಅದರ ಎದುರು ಹೊಸ ಕೂಲರ್ ತಂದಿಟ್ಟು ನೀರು ತುಂಬಿಸಿದರು.

"ಪಾಪ, ಇದಕ್ಕೂ ಸೆಕಿ ಆಗೂದಿಲ್ಲೇನ?"

ಕಾಳನ್ನು ಒಡೆಯದೆ, ಹಿಂಡದೆ ಅದರಲ್ಲಿ ಎಷ್ಟು ಎಣ್ಣೆ ಇದೆಯೆಂದು ಹೇಳುವ ಯಂತ್ರ ಅದು. ಒಳಗಿನ ಆಯಸ್ಕಾಂತ ಎಣ್ಣೆಯಲ್ಲಿರುವ ಹೈಡ್ರೋಜನ್ನನ್ನು ಮಾತಾಡಿಸಿ ಲೆಕ್ಕ ಹಿಡಿಯುತ್ತದೆ. ಹಟ ಹಿಡಿದು ಅದನ್ನು ತರಿಸಿದವಳು ಲ್ಯಾಬಿನ ಸುಮಲತಾ, ಸುರಪುರದವಳು. ಈ ಮಹಾರಾಯ ಯಂತ್ರವೋ, ಒಂದೇ ಚೀಲದ ಕಾಳಿಗೆ ಒಮ್ಮೆ ನೂರಕ್ಕೆ ಹದಿನೆಂಟು ಅನ್ನುತ್ತಿತ್ತು, ಒಮ್ಮೆ ಇಪ್ಪತ್ತು. ಇವತ್ತು ಹೈದರಾಬಾದಿನಿಂದ ಯಂತ್ರದ ಕಂಪನಿಯ ನವಾಜ್ ಬಂದಿದ್ದ. ಸಂಜೆಯೊಳಗೆ ಅಳತೆ ಕೂಡಿಬರದಿದ್ದರೆ ಯಂತ್ರ ವಾಪಸ್. ಸುಮಲತಾಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

ನೀರಿನ ಪಸೆ ಹೋಗಲೆಂದು ಓವನ್ನಿನಲ್ಲಿ ಒಣಗಿಸಿದ ಕಾಳನ್ನು ತಟ್ಟೆಗೆ ಹಾಕಿ ಯಂತ್ರದ ಪಕ್ಕ ಆರಲು ಇಟ್ಟಳು. ಆಮೇಲೆ ಅಳೆದರೆ ಮತ್ತೆ ಇಪ್ಪತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಕೂಲರ್ ನಿಂತಿತು, ಯಂತ್ರ ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು. ಅವಳು ಬೆವರು ಒರೆಸಿಕೊಂಡು ಓವನ್ನಿನಲ್ಲಿ ಉಳಿದಿದ್ದ ಬೆಚ್ಚನೆಯ ಕಾಳನ್ನೇ ಹಾಕಿ ನೋಡಿದಳು. ಹದಿನೆಂಟು. ಇನ್ನೊಂದು ಹಿಡಿ ಹಾಕಿದಳು, ಹದಿನೆಂಟೇ. ಎಷ್ಟು ಸಲ ಹಾಕಿದರೂ ಅದು ಅಲ್ಲಾಡಲಿಲ್ಲ.

"ಸಾವುಕಾರ್ರೆ, ನಿಮ್ಮ ಕೂಲರ್ರೇ ಕಳ್ಳ ನೋಡ್ರಿ! ಒಣಗಿದ ಕಾಳು ಅದರ ಹಸಿಗಾಳಿ ಕುಡಿಯಾಕತ್ತಾವ. ಯಂತ್ರ ನೀರಿನ ಹೈಡ್ರೋಜನ್ನೂ ಎಣ್ಣಿ ಅಂತ ಎಣಸ್ತದ!"

ವಿಶ್ವಾರಾಧ್ಯರ ಮುಖ ಸಪ್ಪಗಾಯಿತು. "ಮತ್ತ ಸೆಕಿಗೆ ಅದು ಕೆಡೂದಿಲ್ಲೇನವ್ವ?"

ಬೆಳಗಿನಿಂದ ಕೂಲರಿನ ಮುಂದೆಯೇ ಕುರ್ಚಿ ಹಾಕಿಕೊಂಡು, ತಾನು ಕಲಿಸಬೇಕಾದ ಪಾಠವನ್ನೇ ಮರೆತಿದ್ದ ನವಾಜ್ ತಲೆ ಕೆರೆದುಕೊಂಡ. "ಇದರ ಮ್ಯಾಗ್ನೆಟ್ಟಿಗೆ ನಲವತ್ತು ಡಿಗ್ರಿ ಇರಲೇಬೇಕ್ರಿ. ಕಾಳೂ ಅಷ್ಟೇ ಬೆಚ್ಚಗಿರಬೇಕು. ತಂಪಾದ್ರ ಲೆಕ್ಕ ತಪ್ಪತದ."

ಕರೆಂಟ್ ಬಂತು. ಕೂಲರ್ ಮತ್ತೆ ಗುರ್ ಅಂದಿತು. ಸುಮಲತಾ ಏಳುವುದರೊಳಗೆ ಸಾವುಕಾರರೇ ಹೋಗಿ ಪ್ಲಗ್ ಕಿತ್ತರು. ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಮುಖದ ತುಂಬ ನಗು.

"ನಲವತ್ತಂದ್ರ ಇದಕ್ಕ ನಮ್ಮ ಶಹಾಪುರ ಬಿಟ್ರ ಬ್ಯಾರೆ ಊರೇ ಇಲ್ಲ! ಎಲ್ಲಿಗೂ ಕಳಸೂದಿಲ್ಲ, ನೀ ಅಳತಿ ಮಾಡ ಯವ್ವಾ."