ಅರ್ಧ ಗಡ್ಡ

ನಮ್ಮೂರಿನ ವೆಂಕೋಬನ ಕ್ಷೌರದಂಗಡಿಯಲ್ಲಿ ದಲಿತ ಕೇರಿಯವರಿಗೆ ಕುರ್ಚಿ ಇಲ್ಲ. ನನ್ನಪ್ಪನ ತಲೆಗೂದಲನ್ನು ಅವ್ವ ಕುರಿ ಉಣ್ಣೆ ಕತ್ತರಿಸುವ ಕತ್ತರಿಯಿಂದ ತೆಗೆಯುತ್ತಿದ್ದಳು. ಎಪ್ಪತ್ತು ದಾಟಿದ ನಾನು ಈಗಲೂ ಕ್ಷೌರಕ್ಕೆ ಬಸ್ಸು ಹತ್ತಿ ಗಂಗಾವತಿಗೆ ಹೋಗುತ್ತೇನೆ.

ಚುನಾವಣೆಗೆ ನಿಂತ ಸಿದ್ದಲಿಂಗೇಶ ಸಾಹೇಬರು ಮೊನ್ನೆ ಊರಿಗೆ ಬಂದರು. ನನ್ನ ಕೈ ಹಿಡಿದು ವೆಂಕೋಬನ ಅಂಗಡಿಗೆ ಕರೆದೊಯ್ದರು.

"ಪಕ್ಕೀರಪ್ಪಜ್ಜಾ, ಈ ಕುರ್ಚಿ ಮ್ಯಾಲ ಕುಂದರು. ನಿಂದಾದ ಮ್ಯಾಲ ನಾನೂ ಕುಂದರತೀನಿ. ಇವತ್ತಿಗೆ ಈ ಊರಾಗ ಭೇದ ಮುಗೀತು."

ಮುಗಿಯಲಿ ಎಂದು ಕುಳಿತೆ. ಸಾಹೇಬರ ಕಡೆಯವನೊಬ್ಬ ಚೀಲದಿಂದ ಹೊಸ ಕತ್ತಿ, ಹೊಸ ಬ್ರಷ್ಷು ತೆಗೆದು ವೆಂಕೋಬನಿಗೆ ಕೊಟ್ಟ. ಅಂಗಡಿಯ ಕತ್ತಿ ಗೂಡಿನಲ್ಲೇ ಉಳಿಯಿತು. ನನ್ನ ಬಲಗೆನ್ನೆ ಬೋಳಾಗುವಷ್ಟರಲ್ಲಿ ಫೋಟೊ ಮುಗಿದವು. "ಸಭಾಕ್ಕ ಹೊತ್ತಾತು" ಎಂದು ಸಾಹೇಬರು ಹೊರಟೇಬಿಟ್ಟರು. ಚೀಲದವನು ಕತ್ತಿಯನ್ನೂ ಕಸಿದುಕೊಂಡು ಹೋದ.

"ವೆಂಕೋಬಾ, ಈ ಕಡೆ ಉಳೀತಲ್ಲೋ."

"ಯಜ್ಜಾ, ಕೈ ಮುಗೀತೀನಿ, ಏಳು. ನನ್ನ ಕತ್ತಿ ನಿನಗ ಮುಟ್ಟಿಸಿದ್ರ ನಾಳಿಂದ ಊರವ್ರು ಯಾರೂ ಬರಂಗಿಲ್ಲ. ನನ್ನ ಮಕ್ಕಳು ಏನ್ ತಿನ್ನಬೇಕು?"

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಬೇರೆಯವರ ಮೇಲೆ. ಎಡಗೆನ್ನೆಯ ನೊರೆ ಒರೆಸಿಕೊಳ್ಳದೆ ಸಭೆಗೆ ನಡೆದೆ.

ಸಾಹೇಬರು ಮೈಕಿನಲ್ಲಿ ಕೂಗುತ್ತಿದ್ದರು: "ಮನಷ್ಯಾ ಮನಷ್ಯಾಗ ಫರಕ ಇಲ್ಲ! ಬೇಕಾದ್ರ ಪಕ್ಕೀರಪ್ಪಜ್ಜನ್ನ ಕೇಳ್ರಿ!"

ನಾನು ವೇದಿಕೆ ಹತ್ತಿದೆ. ನಮ್ಮ ಕೇರಿಯ ಕಳಕಮ್ಮ ಎದ್ದುನಿಂತು, "ಅಜ್ಜನ ಅರ್ಧಾ ಮಾರಿಗೆ ಅಷ್ಟ ಸ್ವಾತಂತ್ರ್ಯ ಬಂದೈತಿ, ನೋಡ್ರೆವ್ವಾ!" ಎಂದಳು. ಜನ ಗೊಳ್ಳೆಂದರು.

ಸಾಹೇಬರು ಮೈಕಿಗೆ ಕೈ ಅಡ್ಡ ಹಿಡಿದರು. "ಯಪ್ಪಾ, ಟವೆಲ್ ಮುಚ್ಕೋ. ನಿನಗೊಂದು ಮನಿ ಮಂಜೂರ ಮಾಡಸ್ತೀನಿ."

"ಮನಿ ಬ್ಯಾಡ್ರಿ. ನಂದಾದ ಮ್ಯಾಲ ಕುಂದರತೀನಿ ಅಂದಿದ್ರಿ. ಬರ್ರಿ. ವೆಂಕೋಬನ ಕತ್ತಿಲೇ ಮೊದಲ ನನ್ನ ಕೆನ್ನಿ, ಆಮ್ಯಾಲ ಅದ ಕತ್ತಿಲೇ ನಿಮ್ದು. ನಿಮಗ ಮಾಡಿದ ಕತ್ತಿನ ಊರವ್ರು ಹ್ಯಾಂಗ ಬ್ಯಾಡ ಅಂತಾರ, ನೋಡೂಣು."

ಸಾಹೇಬರು ನುಣುಪಾದ ತಮ್ಮ ಗಲ್ಲ ಸವರಿಕೊಂಡರು.

"ನಂದು ಮುಂಜಾನೆ ಆಗೈತೋ ಯಪ್ಪಾ."

ನಾನು ಕೆಳಗಿಳಿದು ಅವರ ಕಾರಿನ ಮುಂದೆ ನೆಲದ ಮೇಲೆ ಕುಳಿತೆ. ಕಳಕಮ್ಮ ಬಂದು ಪಕ್ಕದಲ್ಲಿ ಕುಳಿತಳು. ಅವಳ ಹಿಂದೆ ಕೇರಿಗೆ ಕೇರಿಯೇ ಬಂತು.

ಚೀಲದವನು ಓಡಿಬಂದ. "ಏಳೋ ಮುದುಕಾ, ಸಾಹೇಬ್ರು ಕಾರಟಗಿಗೆ ಹೋಗಬೇಕು!"

"ಅವಸರ ಇಲ್ಲಪ್ಪಾ," ಎಂದೆ. "ನಾವು ಇಲ್ಲೇ ಕುಂತಿರ್ತೀವಿ. ಸಾಹೇಬ್ರ ಗಡ್ಡ ಬೆಳೀಲಿ."