ಆರಿಸಿದ ಕರ್ಪೂರ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಗಾದೆ. ನಾನು, ಶಿವರಾಜು, ಸೋತವನು. ಸಾಯಲಿಲ್ಲ, ಹಾಸನದಿಂದ ಚನ್ನರಾಯಪಟ್ಟಣದವರೆಗೆ ಬಸ್ಸಿನಲ್ಲಿ ನಿಂತುಕೊಂಡು ಬಂದೆ, ಅಷ್ಟೆ. ನನ್ನನ್ನು ಸೋಲಿಸಿದ್ದು ಮೆಕ್ಯಾನಿಕ್ ಶಾಂತರಾಜು ಅಲ್ಲ, ನನ್ನ ಅಪ್ಪ ಪಾಪಯ್ಯ. ಅಪ್ಪನಿಗಿಂತ ಮೊದಲು ನನ್ನದೇ ಬಾಯಿ.

ಶ್ರವಣಬೆಳಗೊಳದ ರೈಲ್ವೆ ಸ್ಟೇಷನ್ನಿನಿಂದ ಬೆಟ್ಟದ ಬುಡದವರೆಗೆ ನಾನು ಡೀಸೆಲ್ ಆಟೋ ಓಡಿಸುತ್ತಿದ್ದೆ. ಹೆಂಡತಿ ಮಕ್ಕಳ ಹೊಟ್ಟೆ ತುಂಬುತ್ತಿದ್ದುದು ಅದೊಂದರಿಂದಲೇ. ಹೋದ ವರ್ಷ ಇಂಜಿನ್ ಹೊಗೆ ಕಾರಲು ಶುರುಮಾಡಿದಾಗ ಚನ್ನರಾಯಪಟ್ಟಣದಲ್ಲಿ, ನಮ್ಮ ಬಾಯಲ್ಲಿ ಬರೀ ಪಟ್ಟಣ, ಗ್ಯಾರೇಜು ಇಟ್ಟಿರುವ ಶಾಂತರಾಜುವಿನ ಹತ್ತಿರ ಬಿಟ್ಟೆ. ವರಸೆಯಲ್ಲಿ ಅವನು ಅಪ್ಪನಿಗೆ ಸೋದರಳಿಯ. ಆದರೂ ನಮ್ಮಲ್ಲಿ ಇಂಜಿನ್ ಬಿಚ್ಚುವ ದಿನ ಮನೆಯವರೊಬ್ಬರು ಗ್ಯಾರೇಜಿನಲ್ಲಿ ಕೂತಿರುತ್ತಾರೆ, ಸಾಮಾನು ಅದಲುಬದಲಾಗದಿರಲಿ ಅಂತ. ನನಗೆ ಅವತ್ತು ಬೇರೆಯವರ ಗಾಡಿಯಲ್ಲಿ ಬದಲಿ ಡ್ಯೂಟಿ. ಅಪ್ಪನನ್ನು ಕೂರಿಸಿ ಹೋದೆ. ಶಾಂತರಾಜು ಮಾವ, ಮಾವ ಅನ್ನುತ್ತಾ ಎರಡು ಸಲ ಟೀ ತರಿಸಿಕೊಟ್ಟನಂತೆ.

ಹೊಸ ಪಿಸ್ಟನ್ ಹಾಕಿದ್ದೇನೆ ಅಂತ ಬಿಲ್ಲು ಬರೆದುಕೊಟ್ಟ. ಹತ್ತೊಂಬತ್ತನೇ ದಿನ ಯಾತ್ರಿಕರನ್ನು ಕೂರಿಸಿಕೊಂಡು ಹೋಗುವಾಗ ಇಂಜಿನ್ ಸೀಜ್ ಆಗಿ ಹಿಡಿದುಕೊಂಡು ನಿಂತುಬಿಟ್ಟಿತು. ಪಾಪ, ಅವರು ಬಿಸಿಲಿನಲ್ಲಿ ಬ್ಯಾಗು ಹೊತ್ತುಕೊಂಡು ನಡೆದರು. ಆಟೋವನ್ನು ಮನೆ ಮುಂದಕ್ಕೆ ಎಳೆಸಿಕೊಂಡು ಬಂದೆ. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, ಮೆಲ್ಲಗೆ ಬಾಯಿ ಬಿಟ್ಟ.

“ಅಳೇ ಪಿಸ್ಟನ್ನೇ ಸೀಮೆಎಣ್ಣೇಲಿ ತೊಳ್ದು ಆಕ್ದ ಕಣ್ಲಾ. ಒಸಾ ಡಬ್ಬಿ ಅಂಗೇ ಕುಂತಿತ್ತು. ಅದ್ರ ಮ್ಯಾಲಿನ ಪ್ಲಾಸ್ಟಿಕ್ಕೂ ಬಿಚ್ನಿಲ್ಲ.”

“ಅವತ್ತೇ ಯಾಕಪ್ಪ ಯೋಳ್ನಿಲ್ಲ?”

“ಅವ್ನ ಕಸುಬು, ಅವ್ನಿಗೆ ಗೊತ್ತಿರ್ತದೆ ಅಂದ್ಕಂಡೆ.”

ಆಗಲೇ ನೆಟ್ಟಗೆ ವಕೀಲರ ಹತ್ತಿರ ಹೋಗಬೇಕಿತ್ತು. ನಾನು ಹೋದದ್ದು ಗ್ಯಾರೇಜಿಗೆ. ನಾಲ್ಕು ಜನರ ಮುಂದೆ ಕಿರುಚಿದೆ: “ಒಸದೇ ಆಕಿದ್ರೆ ಬಾರ್ಲಾ, ಬೈರವನ ಗುಡೀಲಿ ಕರ್ಪೂರ ಆರ್ಸಿ ಆಣೆ ಮಾಡು!”

ಸುಳ್ಳಾಣೆಗೆ ಹೆದರಿ ಕಾಲಿಗೆ ಬೀಳುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಬಿಳಿಚಿಕೊಂಡಿದ್ದೂ ನಿಜ. ಆದರೆ ಆ ನಾಲ್ಕು ಜನ ಕೇಳಿಸಿಕೊಂಡಿದ್ದರಲ್ಲ, ಒಲ್ಲೆ ಅಂದರೆ ಗ್ಯಾರೇಜು ಮುಚ್ಚಿದ ಹಾಗೆ. ಸೋಮವಾರ ಪೂಜಾರಿ ಬೈರಯ್ಯ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಇಟ್ಟರು. ಶಾಂತರಾಜು “ಒಸ ಪಿಸ್ಟನ್ನೇ ಆಕಿವ್ನಿ” ಅಂದವನೇ ಉರಿಯ ಮೇಲೆ ಅಂಗೈ ಒತ್ತಿ ಆರಿಸಿಬಿಟ್ಟ. ಆ ಗುಡಿಯಲ್ಲಿ ಒಂದು ಕಟ್ಟುಪಾಡು ಇದೆ. ಆಣೆಗೆ ಕರೆದವನು ಎಲೆಅಡಿಕೆ ತೆಗೆದುಕೊಂಡು ಹೊರಡಬೇಕು. ಮಾತು ಅಲ್ಲಿಗೆ ಮುಗಿಯಿತು. ಮತ್ತೆ ಅದನ್ನು ಎತ್ತಿದರೆ ಆಣೆ ಕರೆದವನ ಮನೆಗೇ ತಿರುಗುತ್ತದೆ. ಬೈರಯ್ಯ ಕೊಟ್ಟ ಎಲೆಅಡಿಕೆಯನ್ನು ನಾನು ತೆಗೆದುಕೊಂಡೆ. ದಾರಿಯಲ್ಲಿ ಚರಂಡಿಗೆ ಎಸೆದೆ.

ಮುಂದಿನ ವಾರ ಹಾಸನಕ್ಕೆ ಹೋಗಿ ನೀಲಾಂಬಿಕೆ ಅನ್ನುವ ವಕೀಲರನ್ನು ಹಿಡಿದು ಗ್ರಾಹಕರ ಕೋರ್ಟಿನಲ್ಲಿ ಕೇಸು ಹಾಕಿಸಿದೆ. ಒಂದು ವರ್ಷ ಅಲೆದೆ. ಬಿಚ್ಚಿ ನೋಡಿದ ಇನ್ನೊಬ್ಬ ಮೆಕ್ಯಾನಿಕ್, ಪಿಸ್ಟನ್ ಹಳೆಯದೇ ಅಂತ ಬರೆದುಕೊಟ್ಟ. ಅದಕ್ಕೆ ಶಾಂತರಾಜುವಿನ ಉತ್ತರ ತಯಾರಿತ್ತು: ತಾನು ಹಾಕಿದ್ದು ಹೊಸದೇ, ಶಿವರಾಜುವೇ ಅದನ್ನು ತೆಗೆದು ಹಳೆಯದು ಇಟ್ಟಿದ್ದಾನೆ. ಕಳ್ಳ ನಾನಾದೆ.

“ಹಾಕುವಾಗ ಕಣ್ಣಾರೆ ಕಂಡವರು ಬೇಕು. ನಿಮ್ಮ ತಂದೆ ಒಂದು ಪ್ರಮಾಣಪತ್ರ ಕೊಟ್ಟರೆ ಕೇಸು ನಮ್ಮದು” ಅಂದರು ನೀಲಾಂಬಿಕೆ.

ಅಪ್ಪ ಒಗೆದ ಪಂಚೆ ಉಟ್ಟು ಬಂದ. ನೋಟರಿಯ ಮೇಜಿನ ಮುಂದೆ ಕೂರಿಸಿ ವಕೀಲರು ಓದಿ ಹೇಳಿದರು: “ಪಾಪಯ್ಯನಾದ ನಾನು ಸತ್ಯಪ್ರಮಾಣ ಮಾಡಿ ಹೇಳುವುದೇನೆಂದರೆ...” ಅಪ್ಪ ಹಿಡಿದಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟ.

“ಇದೂ ಆಣೆನೇ ಅಲ್ವಾ ತಾಯಿ?”

“ಹೌದು. ಕಂಡಿದ್ದನ್ನ ಕಂಡೆ ಅಂತ ಹೇಳೋದು, ಅಷ್ಟೆ.”

“ಆಣೆ ಮ್ಯಾಲೆ ಆಣೆ ಮಡಗಾಕಿಲ್ಲ ಕಣವ್ವ.”

ನನಗೆ ಮೈಯೆಲ್ಲ ಉರಿದುಹೋಯಿತು. “ಸುಳ್ಳಾಣೆ ಮಾಡ್ದೋನು ಅವ್ನು ಕಣಪ್ಪ! ನೀನ್ಯಾಕೆ ಎದ್ರುತೀಯ?”

“ಮಾಡ್ದೋನು ಅವ್ನು. ಕರ್ದೋನು ನೀನು, ಎಲೆಅಡಿಕೆ ತಕಂಡೋನೂ ನೀನೇ. ತಿರುಗಿದ್ರೆ ನಿನ್ ಮಕ್ಕಳ ಮ್ಯಾಲೆ ಕಣ್ಲಾ ತಿರುಗೋದು. ನಾ ಸೈನ್ ಆಕಾಕಿಲ್ಲ.”

ಹೆದರಿಕೆ ನನ್ನ ಮಕ್ಕಳಿಗಾಗಿ. ಬೈಯೋಣ ಅಂದರೆ ಅದಕ್ಕೂ ದಾರಿ ಬಿಟ್ಟಿರಲಿಲ್ಲ ಮುದುಕ. ಆ ಮಕ್ಕಳ ಹೊಟ್ಟೆಗೆ ಏನು ಹಾಕಲಿ ಅಂತ ಕೇಳಬೇಕೆನಿಸಿತು. ಅಷ್ಟರಲ್ಲಿ ನೋಟರಿ ಬೇರೆಯವರ ಕಾಗದ ತೆಗೆದುಕೊಂಡರು.

ಸಾಕ್ಷಿ ಇಲ್ಲ ಅಂತ ಕೇಸು ವಜಾ ಆಯಿತು. ತೀರ್ಪಿನ ದಿನವೂ ಅಪ್ಪ ನನ್ನ ಜೊತೆ ಬಂದಿದ್ದ, ಯಾಕೆ ಬಂದನೋ. ವಾಪಸು ಹತ್ತಿದ ಬಸ್ಸು ತುಂಬಿತ್ತು. ಮೂರನೇ ಸೀಟಿನಲ್ಲಿ ಶಾಂತರಾಜು. ಅಪ್ಪನನ್ನು ಕಂಡು ಎದ್ದುನಿಂತ.

“ಬನ್ನಿ ಮಾವ, ಕೂತ್ಕಳಿ.”

ಅಪ್ಪ ಕೂತ. ಕಂಡಕ್ಟರ್ ಬಂದಾಗ ಶಾಂತರಾಜು “ಮೂರು ಪಟ್ಟಣ” ಅಂದು ನನ್ನ ಟಿಕೆಟ್ಟನ್ನೂ ತೆಗೆಸಿದ. ಬೇಡ ಅನ್ನಲು ನನ್ನ ನಾಲಗೆಗೆ ಏನಾಗಿತ್ತೋ. ಗುಡಿಗೆ ಕರೆಯುವಾಗ ಚೆನ್ನಾಗಿಯೇ ಹೊರಳಿತ್ತು.

ಶಾಂತಿಗ್ರಾಮ ದಾಟಿದ ಮೇಲೆ ಅಪ್ಪ ತಲೆ ಎತ್ತಿ ಕೇಳಿದ:

“ಲೇ ಶಾಂತರಾಜ, ಆ ಒಸಾ ಡಬ್ಬಿ ಏನ್ ಮಾಡ್ದೆ?”

“ಬ್ಯಾರೆ ಗಾಡಿಗೆ ಆಕ್ದೆ ಮಾವ.” ದನಿ ತಗ್ಗಿಸಲೂ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

“ಚೆಂದಾಗಿ ಓಡ್ತೈತಾ?”

“ಓಡ್ತೈತೆ ಮಾವ.”

ಅಪ್ಪ ಊಂ ಅಂದ. ವರ್ಷವಿಡೀ ನಾನು ಕೋರ್ಟಿನಲ್ಲಿ ಹೇಳಿಸಲು ಒದ್ದಾಡಿದ ಮಾತನ್ನು ಮಾವ ಅಳಿಯ ಊಟ ಆಯಿತಾ ಅಂತ ಕೇಳುವ ಹಾಗೆ ಆಡಿ ಮುಗಿಸಿದರು. ಇಬ್ಬರ ಮೇಲೂ ನನಗೆ ಹೇಸಿಗೆಯಾಯಿತು.

ಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಶಾಂತರಾಜುವೇ ಮೊದಲು ಇಳಿದು, ಕೈ ಚಾಚಿ ಅಪ್ಪನನ್ನು ಇಳಿಸಿಕೊಂಡ. ಉರಿಯುವ ಕರ್ಪೂರವನ್ನು ಒತ್ತಿದ ಅದೇ ಬಲಗೈ. ಸುಟ್ಟ ಗುರುತು ಇರಬಹುದೇ ಅಂತ ಬಗ್ಗಿ ನೋಡಿದೆ. ಗ್ರೀಸಿನ ಕಪ್ಪು ಬಿಟ್ಟರೆ ಏನೂ ಇರಲಿಲ್ಲ.