ಹಾವಗೆಪ್ಪನ ಎಡ ಅಂಗೈ

ಭಾಲ್ಕಿ ಪೇಟೆಯಲ್ಲಿ ತೊಗರಿ ವ್ಯಾಪಾರ ಮಾಡುವ ಹಾವಗೆಪ್ಪನಿಗೆ ತನ್ನ ಎಡ ಅಂಗೈಯೇ ವೈರಿಯಾಗಿ ಕೂತಿತ್ತು. ಚರ್ಮ ದಪ್ಪಗಾಗಿ, ಒಣಗಿ, ಬೆಳ್ಳಗೆ ಬಿರಿದಿತ್ತು. ಬಲಗೈಯಾಗಿದ್ದರೆ ಆತ ಇಷ್ಟು ಕಂಗೆಡುತ್ತಿರಲಿಲ್ಲ. ದಿನಾ ಮುಂಜಾನೆ ಇಷ್ಟಲಿಂಗವಿಟ್ಟು ಪೂಜಿಸುವುದು ಈ ಎಡಗೈಯಲ್ಲೇ. ಆ ಕೈಗೇ ಹೀಗಾಗಿದೆ ಎಂದರೆ ಕುಷ್ಠವೇ ಸೈ ಎಂದು, ಯಾರನ್ನೂ ಕೇಳದೆ, ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಕುಷ್ಠವೆಂದರೇನೆಂದು ಅವನಿಗೆ ಗೊತ್ತಿತ್ತು. ಠಾಣಾ ಕುಶನೂರದ ಸೋದರಮಾವನನ್ನು ಹೊಲದ ಗುಡಿಸಲಿಗೆ ಹಾಕಿ, ಬುತ್ತಿಯನ್ನು ದೂರದಲ್ಲಿಟ್ಟು ಬರುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದ. ತನ್ನನ್ನೂ ಹಾಗೆ ಹೊರಗಿಟ್ಟರೆ? ಹೆಂಡತಿ ಲಲಿತಾಬಾಯಿಯ ಎದುರಿಗೆ ಕೂತು ಉಣ್ಣುವುದೇ ತಪ್ಪಿಹೋದರೆ?

ಮನೆಯವರಿಗೆ ಹೇಳದೆ ಬೀದರಿಗೆ ಹೋಗಿ ಡಾಕ್ಟರ್ ಜಹೀರೋದ್ದೀನರಿಗೆ ಅಂಗೈಯನ್ನಷ್ಟೇ ತೋರಿಸಿದ. ಅವರು ಮುಲಾಮು ಕೊಟ್ಟು ಏನೋ ವಿವರಿಸತೊಡಗಿದರು. ರೋಗದ ಹೆಸರು ಎಲ್ಲಿ ಕಿವಿಗೆ ಬೀಳುತ್ತದೋ ಎಂಬ ಹೆದರಿಕೆಗೆ ಹಾವಗೆಪ್ಪ "ಹೌದ್ರಿ, ಹೌದ್ರಿ" ಎನ್ನುತ್ತಲೇ ಹೊರಬಿದ್ದ. ಹಚ್ಚತೊಡಗಿದ ವಾರದೊಳಗೆ ಅಂಗೈಯ ಚರ್ಮ ಪದರು ಪದರಾಗಿ ಸುಲಿದು ಬಂತು. ಮೊದಲೇ ಹೆದರಿದವನ ಮೇಲೆ ಹಾವು ಬಿಟ್ಟಂತಾಯಿತು. ಇಂದು ಚರ್ಮ, ನಾಳೆ ಬೆರಳು ಎಂದುಕೊಂಡ ಪುಣ್ಯಾತ್ಮ.

ಅಂದಿನಿಂದ ಪೂಜೆ ಮಾಳಿಗೆಯ ಮೇಲೆ, ಒಬ್ಬನದೇ. ಅಂಗೈಯಲ್ಲಿ ಬಿಲ್ವಪತ್ರೆ ಹಾಸಿ, ಅದರ ಮೇಲೆ ಲಿಂಗ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತೆಂದು ಪೇಟೆಯವರೆಲ್ಲ ಪೇಢೆ ಹಂಚಿ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದ ದಿನವೂ, ಈತ ಎಡಗೈಯನ್ನು ಧೋತರದ ಮಡಿಕೆಯಲ್ಲಿ ಅಡಗಿಸಿಕೊಂಡು ಗೋಡೆಗೆ ಆತು ನಿಂತಿದ್ದ.

ಲಲಿತಾಬಾಯಿ ಎಷ್ಟಂತ ಸುಮ್ಮನಿದ್ದಾಳು? ಮರುದಿನ ಮಾಳಿಗೆ ಹತ್ತಿದಳು. ಪೂಜೆ ಮುಗಿಯುವುದನ್ನೇ ಕಾದು ಅವನ ಎಡಗೈ ಹಿಡಿದಳು.

"ಮುಟ್ಟಬ್ಯಾಡ!" ಹಾವಗೆಪ್ಪ ಕೂಗಿಕೊಂಡ. "ನನಗ ಕುಷ್ಠ ಆಗೇದ."

"ಯಾರ ಹೇಳ್ಯಾರ್ರಿ?"

"ಯಾರ ಹೇಳಬೇಕು? ಕಣ್ಣಿಗಿ ಕಾಣ್ತದಲ್ಲ."

"ಕಣ್ಣಿಗಿ ಕಾಣ್ತದಂತ ತೊಗರಿ ತೂಗಲಾರದ ಕೊಡ್ತೀರೇನು? ನಡೀರಿ ಬೀದರಕ್ಕ." ಹಿಡಿದ ಕೈಯನ್ನು ಮಾತ್ರ ಆಕೆ ಬಿಡಲಿಲ್ಲ.

ಡಾಕ್ಟರ್ ಅಂಗೈ ನೋಡಿ, "ಸಾವಕಾರ್ರ, ಈಗ ಕಾಲ ತೋರಸ್ರಿ" ಎಂದರು. ಕಾಲ್ಬೆರಳ ಸಂದುಗಳೆಲ್ಲ ಕೆಂಪಗಾಗಿ ತುರಿಸುತ್ತಿದ್ದವು.

"ಇಲ್ಲಿ ಯಾವ ಕೈಲೆ ಕೆರಕೋತೀರಿ?"

"ಎಡಗೈಲೇರಿ. ಬಲಗೈಯಾಗ ತಕ್ಕಡಿ ಇರ್ತದ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಮತ್ತ, ಕಾಲಿನ ಗಜಕರ್ಣ ಕೈಗಿ ಹತ್ತೇದ, ಅಷ್ಟ. ಕಾಲಿಗಿ ಬ್ಯಾರೆ ದವಾ ಕೊಡ್ತೇನಿ. ಕೈಗಿ ಕೊಟ್ಟ ಮುಲಾಮಿನ್ಯಾಗ ಸ್ಯಾಲಿಸಿಲಿಕ್ ಆಸಿಡ್ ಅದ. ತಲಿನೋವಿಗಿ ನುಂಗೋ ಆಸ್ಪಿರಿನ್ ಗುಳಿಗೀನೂ ಇದರ ಖಾನದಾನದ್ದೇ. ಸತ್ತ ಚರ್ಮದ ಪದರು ಒಂದಕ್ಕೊಂದು ಹಿಡಕೊಂಡಿರ್ತಾವಲ್ಲ, ಆ ಹಿಡಿತ ಇದು ಸಡ್ಲ ಮಾಡ್ತದ. ಮ್ಯಾಲಿಂದು ಉದುರಿದ್ರ ಒಳಗಿನ ರೋಗಕ್ಕ ದವಾ ಮುಟ್ತದ. ಸಿಪ್ಪಿ ತಗೀಲಾರದ ತೊಗರಿ ಬ್ಯಾಳಿ ಆಗ್ತದೇನ್ರಿ? ಚರ್ಮ ಸುಲೀತದ, ಅಂಜಬ್ಯಾಡ್ರಿ ಅಂತ ಅವತ್ತೇ ಹೇಳಿದ್ದೆ."

"ಖರೇನ ಕುಷ್ಠ ಅಲ್ಲೇನ್ರಿ?"

ಡಾಕ್ಟರ್ ಅವನ ಕಣ್ಣು ಮುಚ್ಚಿಸಿ, ಅಂಗೈಗೆ ಸೂಜಿಯ ಮೊನೆ ತಾಗಿಸಿದರು.

"ಯಪ್ಪಾ!"

"ನೋವಾತು, ಹೌದಲ್ರಿ? ಕುಷ್ಠ ಹಿಡದ ಜಾಗಕ್ಕ ನೋವಿಂದೂ ಖಬರ ಇರಂಗಿಲ್ಲ, ಥಂಡೀದೂ ಇರಂಗಿಲ್ಲ."

ಹಾವಗೆಪ್ಪ ಅಂಗೈಯನ್ನು ಮತ್ತೆ ಚಾಚಿದ. "ಇನ್ನೊಮ್ಮೆ ಚುಚ್ಚರಿ." ಇನ್ನೊಮ್ಮೆ ಚುಚ್ಚಿಸಿಕೊಂಡು, ಹೆಂಡತಿಯ ಮುಂದೆ, ಡಾಕ್ಟರರ ಮುಂದೆ, ನಾಚಿಕೆ ಬಿಟ್ಟು ಅತ್ತ. ಅಷ್ಟು ಸುಖವಾಗಿ ಆತ ಹಿಂದೆಂದೂ ಅತ್ತಿರಲಿಲ್ಲ.

ಮರುದಿನದ ಪೂಜೆ ಪಡಸಾಲೆಯಲ್ಲಿ ನಡೆಯಿತು. ಬಿಲ್ವಪತ್ರೆ ಲಿಂಗದ ಕೆಳಗಿನಿಂದ ಮೇಲಕ್ಕೆ ಬಂದಿತ್ತು. ಎದುರಿಗೆ ಕೂತ ಲಲಿತಾಬಾಯಿ ತಂಬಿಗೆಯಿಂದ ನಿಧಾನಕ್ಕೆ ನೀರೆರೆದಳು. ನೀರು ಲಿಂಗದ ಮೇಲಿಂದಿಳಿದು ಅಂಗೈಯ ಎಳೆಯ ಚರ್ಮಕ್ಕೆ ತಾಗಿತು.

"ಥಂಡಿ ಅದ!" ಎಂದ ಹಾವಗೆಪ್ಪ.

"ಕಾರ್ತಿಕದಾಗ ಬಾವಿ ನೀರು ಥಂಡಿ ಇರಂಗಿಲ್ಲೇನ್ರಿ? ಕಾಸಿ ತರ್ಲೇನು?"

"ಬ್ಯಾಡ, ಬ್ಯಾಡ," ಎಂದು ಆತ ಬರಿಯ ಅಂಗೈಯನ್ನು ಅವಳತ್ತ ಇನ್ನಷ್ಟು ಚಾಚಿದ. "ಥಂಡೀದೇ ಹಾಕು."